ಅರೆಕಾಲು ಸುತ್ತು

ಗುಂಡು ಹಾರಲಿಲ್ಲ. ರಿವಾಲ್ವರ್ ಬರೀ 'ಟಕ್' ಎಂದಿತು. ಕುಮುದಾ ಕೈ ಇಳಿಸದೆ, ನಳಿಗೆಯನ್ನು ಗುರಿಹಲಗೆಯತ್ತಲೇ ಹಿಡಿದು ನಿಂತಳು. ಹೊತ್ತಿಕೊಳ್ಳದ ತೋಟಾ ಒಮ್ಮೊಮ್ಮೆ ತಡವಾಗಿ ಸಿಡಿಯುವುದುಂಟು; ಮೂವತ್ತು ಎಣಿಸುವವರೆಗೆ ಕದಲಬಾರದು ಎಂಬುದು ಆಸ್ಟಿನ್ ಹತ್ತಿರದ ಆ ಶೂಟಿಂಗ್ ರೇಂಜಿನ ನಿಯಮ. ಆಕೆಯ ಹಿಂದೆ, ಹಳದಿ ಗೆರೆಯ ಈಚೆ, ಕಿವಿಗೆ ಮಫ್ ಹಾಕಿಕೊಂಡು ನಿಂತಿದ್ದ ಗಂಡ ಚನ್ನವೀರಪ್ಪ ತಾನೂ ಎಣಿಸತೊಡಗಿದ. ಹದಿನೇಳಕ್ಕೆ ಬರುವಷ್ಟರಲ್ಲಿ ಆತನಿಗೆ ಕಾರಣ ಹೊಳೆದುಬಿಟ್ಟಿತ್ತು.

ಮೂವತ್ತಾದ ಮೇಲೆ ಕುಮುದಾ ಮತ್ತೆ ಟ್ರಿಗರ್ ಎಳೆದಳು. ಮುಂದಿನದು ಸಿಡಿಯಿತು, ಅದರ ಮುಂದಿನದೂ ಸಿಡಿಯಿತು. ನಾಲ್ಕನೆಯದು ಮತ್ತೆ 'ಟಕ್'.

"ಕೀಪ್ ಇಟ್ ಡೌನ್‌ರೇಂಜ್, ಹನಿ," ನಳಿಗೆ ಗುರಿಯತ್ತಲೇ ಇರಲಿ ಎಂದಳು ರೇಂಜಿನ ಮೇಲ್ವಿಚಾರಕಿ ಡಾಟ್. ಎಪ್ಪತ್ತು ದಾಟಿದ ಆ ಹೆಂಗಸು ಎಲ್ಲರಿಗೂ ಹನಿ ಎನ್ನುತ್ತಿದ್ದಳು, ಬೈಯುವಾಗಲೂ.

"ಆಂಟಿ, ಪ್ರೊಡಕ್ಷನ್‌ನಲ್ಲೇ ಬಗ್ ಬಂತಲ್ಲ!" ಎಂದು ಬದಿಯಿಂದ ಲಿಂಗರಾಜು ಕೂಗಿದ. ಮೈಸೂರಿನವನು; ಅಲ್ಲೇ ಹತ್ತಿರದ ಫ್ಲೂಗರ್‌ವಿಲ್‌ನಲ್ಲಿ ಮನೆ, ಆಸ್ಟಿನ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಕನ್ನಡ ಸಂಘದ ಊಟದ ಸಾಲಿನಲ್ಲಿ ಕುಮುದಾ ಗುರಿಕಾರ್ತಿ ಎಂದು ತಿಳಿದ ದಿನದಿಂದ ಆಕೆಯ ಭಕ್ತನಾಗಿದ್ದ. ಕುಮುದಾ ತಿರುಗಿ ನೋಡಲಿಲ್ಲ. ಆದರೆ ಆಕೆಯ ಭುಜ ಒಂದಿಷ್ಟು ಅಲುಗಿದ್ದು ಕಂಡು, ನಕ್ಕಳು ಎಂದು ಚನ್ನವೀರಪ್ಪನಿಗೆ ಗೊತ್ತಾಯಿತು. ಆ ನಗು ಆತನಿಗೆ ಇನ್ನೂ ಕಷ್ಟವಾಯಿತು.

ಸ್ಪರ್ಧೆಯ ಬೆಳಗಿನ ಸರದಿ ಮುಗಿದಾಗ ಮೂವತ್ತಾರು ತೋಟಾಗಳಲ್ಲಿ ನಾಲ್ಕು ಹಾರಿರಲಿಲ್ಲ.

ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ ಮೂವರೂ ಊಟಕ್ಕೆ ಕೂತರು. ಕುಮುದಾ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು ತಂದಿದ್ದಳು. ಹಾರದ ನಾಲ್ಕು ತೋಟಾಗಳು ಮೇಜಿನ ಮೇಲೆ ಸಾಲಾಗಿ ನಿಂತಿದ್ದವು. ಲಿಂಗರಾಜು ಒಂದನ್ನು ತಲೆಕೆಳಗು ಮಾಡಿ ಫೋನಿನ ಬೆಳಕು ಬಿಟ್ಟ. ತೋಟಾದ ಬುಡದ ನಡುವೆ ಹೆಸರುಕಾಳಿನಷ್ಟು ದೊಡ್ಡ ಒಂದು ಲೋಹದ ಬಟ್ಟಲು ಕೂತಿರುತ್ತದೆ, ಅದೇ ಪ್ರೈಮರ್. ರಿವಾಲ್ವರಿನ ಪಿನ್ನು ಅದಕ್ಕೆ ಬಡಿದರೆ ಅದರೊಳಗಿನ ಚೂರು ಮದ್ದು ಹೊತ್ತಿ, ಅದು ತೋಟಾದೊಳಗಿನ ಮದ್ದಿಗೆ ಬೆಂಕಿ ಕೊಡುತ್ತದೆ.

"ಅಂಕಲ್, ಪಿನ್ ಗುರುತು ತುಂಬಾ ಮೇಲ್ಮೇಲೆ ಇದೆಯಲ್ಲ? ನನ್ನ ಪಿಸ್ತೂಲಿಂದು ಗುಂಡಿ ಬಿದ್ದ ಹಾಗೆ ಬೀಳುತ್ತೆ."

ಚನ್ನವೀರಪ್ಪ ಅದನ್ನು ಅವನ ಕೈಯಿಂದ ಇಸಿದುಕೊಂಡ. "ಅದು... ಎಣ್ಣಿ ತಾಗಿದ್ರ ಹಂಗ ಆಗತೈತಿ," ಎಂದ.

ಎಣ್ಣೆಗೂ ಪಿನ್ನಿನ ಗುರುತಿನ ಆಳಕ್ಕೂ ಯಾವ ಸಂಬಂಧವೂ ಇಲ್ಲ. ಮೂವತ್ತು ವರ್ಷದಿಂದ ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರಿನ ತೈಲ ಕಂಪನಿಯೊಂದರಲ್ಲಿ ಒತ್ತಡ ಅಳೆಯುವ ಗೇಜುಗಳನ್ನು ಪರೀಕ್ಷಿಸಿ ಸರ್ಟಿಫಿಕೇಟಿಗೆ ಸಹಿ ಹಾಕುವವನು ಆತ. ಕೈಕೆಳಗಿನ ಹುಡುಗರು ಇಂಥ ಮಾತು ಆಡಿದ್ದರೆ ಮೂರು ದಿನ ಮಾತು ಬಿಡುತ್ತಿದ್ದ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಿದ್ದ, ಲಿಂಗರಾಜುವಿನ ಬಾಯಿ ಮುಚ್ಚಿಸಲು. ಹೇಳಿದ ಮೇಲೆಯೇ ಕುಮುದಾಳ ಕೈಯಲ್ಲಿ ರೊಟ್ಟಿ ನಿಂತದ್ದನ್ನು ಕಂಡ.

"ಎಣ್ಣಿ ಅಂದ್ರ? ಪೂಜಿ ದಿನದ್ದೇನ್ರಿ?"

ಆತ ತೋಟಾವನ್ನು ಮತ್ತೆ ಸಾಲಿನಲ್ಲಿ ನಿಲ್ಲಿಸಿದ.

ತಿಂಗಳ ಹಿಂದೆ, ಮಹಾನವಮಿಯ ಬೆಳಿಗ್ಗೆ, ಗ್ಯಾರೇಜಿನಲ್ಲಿ ಖಂಡೇಪೂಜೆ ಮಾಡಿದ್ದರು. ಕಾರು, ಡ್ರಿಲ್ಲು, ಚನ್ನವೀರಪ್ಪನ ವರ್ನಿಯರ್, ತೋಟಾ ತುಂಬುವ ಕಬ್ಬಿಣದ ಪ್ರೆಸ್ಸು, ಎಲ್ಲಕ್ಕೂ ಕುಮುದಾ ವಿಭೂತಿ ಎಳೆದು, ಕುಂಕುಮ ನಿಲ್ಲಲಿ ಎಂದು ಬೆರಳನ್ನು ಎಣ್ಣೆಯಲ್ಲದ್ದಿ ಬೊಟ್ಟಿಡುತ್ತ ಬಂದಿದ್ದಳು. ಮರುದಿನ ಬನ್ನಿ ಎಂದು ಹಂಚಲು ಪಾರ್ಕಿನ ಮೆಸ್ಕೀಟ್ ಎಲೆಯನ್ನು ಕಿತ್ತು ತಂದಿಟ್ಟಿದ್ದರು. ಅದು ಬನ್ನಿಯ ಕುಲದ್ದೇ ಗಿಡ ಎಂದು ಹುಡುಕಿ ಹೇಳಿದ್ದು ಚನ್ನವೀರಪ್ಪನೇ. ಪ್ರೆಸ್ಸಿನ ಪಕ್ಕ ತಟ್ಟೆಯಲ್ಲಿ ನೂರು ಪ್ರೈಮರುಗಳನ್ನು ಹರಡಿಟ್ಟಿದ್ದ. "ಇವಕ್ಕೂ ಹಚ್ಚತೀನಿ ತಡೀರಿ, ಕೆಲಸ ಮಾಡೂವು ಇವಽ ಅಲ್ಲೇನು?" ಎಂದು ಕುಮುದಾ ಕೈ ಚಾಚಿದಳು. ಆತ "ಏ ಏ ಏ!" ಎಂದು ಕೂಗಿಕೊಂಡ. ಅಷ್ಟರಲ್ಲಿ ಒಂದು ಹನಿ ಎಣ್ಣೆ ಬಿದ್ದಿತ್ತು. ಹನಿಯ ಸುತ್ತಲಿನ ಹನ್ನೆರಡನ್ನು ಆರಿಸಿ ಬಿಸಾಕಿ, ಉಳಿದವನ್ನು ಬೇರೆ ತಟ್ಟೆಗೆ ಹಾಕಿಕೊಂಡಿದ್ದ. ಆ ಹೊತ್ತು ಇಬ್ಬರೂ ನಕ್ಕಿದ್ದರು.

"ಎರಡು ವಾರ ಕುಂತು ಮಾಡಿದ್ರಿ," ಎಂದಳು ಕುಮುದಾ ಈಗ. "ಒಂದೊಂದು ತೂಗಿ, ಒಂದೊಂದು ಅಳದು. ನಾ ಒಂದು ಹನಿ ಎಣ್ಣಿಯಿಂದ ಅಷ್ಟೂ ಹಾಳು ಮಾಡಿದೆ. ತಪ್ಪಾತು ನನ್ನಿಂದ."

"ಅಯ್ಯೋ ಬಿಡಿ ಆಂಟಿ, ದೇವರ ಎಣ್ಣೆ. ಗುಂಡು ಹಾರದೆ ಇದ್ದದ್ದು ಅಹಿಂಸೆ ಅನ್ಕೊಳ್ಳಿ," ಎಂದ ಲಿಂಗರಾಜು.

"ಹೌದಪ್ಪ. ಇನ್ನ ಮುಂದ ಕಾರಿಗಷ್ಟ ಪೂಜಿ. ಅದೂ ಬ್ಯಾಡ, ನಡುದಾರ್ಯಾಗ ನಿಂತೀತು." ನಗುತ್ತಲೇ ಹೇಳಿದಳು. ಆಮೇಲೆ ಬಲಗೈಯನ್ನು ಮುಂದೆ ಚಾಚಿ, ಬೆರಳುಗಳನ್ನು ಮೆಲ್ಲಗೆ ಮಡಿಸಿ ಬಿಡಿಸಿದಳು. ತೋರುಬೆರಳಿನ ನಡುಗಂಟು ಊದಿ ಹೊಳೆಯುತ್ತಿತ್ತು. "ಒಂದ ಸಮಾಧಾನ ಏನಂದ್ರ, ಕೈಯಿಂದ ತಪ್ಪಾಗಿಲ್ಲ. ಕೈ ಛಲೋ ಐತಿ. ಸಂದಿವಾತದ ಡಾಕ್ಟರು ಮೂರು ತಿಂಗಳಾತು, ಮಾತ್ರಿ ಸಾಲೂದಿಲ್ಲ, ಇಂಜೆಕ್ಷನ್ ಶುರು ಮಾಡೂಣು ಅಂತ ಗಂಟು ಬಿದ್ದಾರ. ನಾ ಏನ್ ಹೇಳೀನಿ ಗೊತ್ತೇನು ಲಿಂಗರಾಜು? ನನ್ನ ರಿವಾಲ್ವರಿನ ಟ್ರಿಗರ್ ಹನ್ನೆರಡು ಪೌಂಡ್, ವರ್ಷದ ಹಿಂದ ಎಷ್ಟು ಸಲೀಸು ಎಳೀತಿದ್ದೆ ಇವತ್ತೂ ಅಷ್ಟ ಸಲೀಸು ಎಳೀತೀನಿ, ಇದಕ್ಕಿಂತ ದೊಡ್ಡ ಟೆಸ್ಟ್ ಯಾವುದು ಅಂದೆ. ಮಂಗಳವಾರ ಮತ್ತ ಹೋಗೂದೈತಿ. ಇಂಜೆಕ್ಷನ್ ಬ್ಯಾಡ ಅಂತ ಕಡಾಖಂಡಿತ ಹೇಳಿ ಬರತೀನಿ."

"ಸೂಪರ್ ಆಂಟಿ," ಎಂದ ಲಿಂಗರಾಜು.

ಚನ್ನವೀರಪ್ಪ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟ.

ಮನೆಯಲ್ಲಿ ಹೊಡೆಯುವವಳು ಆಕೆ, ತುಂಬುವವನು ಆತ. ಧಾರವಾಡದ ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ಕುಮುದಾ ರೈಫಲ್ ಹಿಡಿದು ಒಂದು ಕಪ್ ಗೆದ್ದಿದ್ದಳು. ಮದುವೆ, ಮಗಳು ಐಶ್ವರ್ಯಾ, ಹ್ಯೂಸ್ಟನ್ನಿನ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಎಂದು ಮೂವತ್ತು ವರ್ಷ ಕಳೆದ ಮೇಲೆ ಒಬ್ಬ ಸಹೋದ್ಯೋಗಿಯ ಜೊತೆ ರೇಂಜಿಗೆ ಹೋಗಿ, ಬರುವಾಗ ಆ ಎನ್‌ಸಿಸಿ ಹುಡುಗಿಯ ಮುಖ ಹೊತ್ತು ಬಂದಿದ್ದಳು. ಚನ್ನವೀರಪ್ಪನಿಗೆ ಸದ್ದು ಆಗದು. ಈವರೆಗೆ ಒಂದು ಗುಂಡೂ ಹೊಡೆದವನಲ್ಲ. ಆದರೆ ಹೊಡೆದ ತೋಟಾಗಳ ಖಾಲಿ ಚಿಪ್ಪುಗಳಿಗೆ ಮತ್ತೆ ಪ್ರೈಮರು, ಮದ್ದು, ಗುಂಡು ಕೂಡಿಸಿ ತೋಟಾ ಮಾಡಬಹುದು, ಅದರಲ್ಲಿ ತೂಕಕ್ಕೆ ತೂಕ ಹೊಂದಬೇಕು ಎಂದು ತಿಳಿದದ್ದೇ ಗ್ಯಾರೇಜಿನಲ್ಲಿ ಪ್ರೆಸ್ಸು ಹೂಡಿದ್ದ. ಹೆಂಡತಿಗೆ ಸೀರೆ ಆರಿಸಲು ಬಾರದ ಮನುಷ್ಯ, ಪ್ರೈಮರು ಆರಿಸಲು ಕಲಿತ. ರೈಫಲಿನದು ಬೇರೆ, ಪಿಸ್ತೂಲಿನದು ಬೇರೆ. ಪಿಸ್ತೂಲಿನದರಲ್ಲಿ ದೊಡ್ಡದು ಬೇರೆ, ಸಣ್ಣದು ಬೇರೆ. ಸಣ್ಣದರಲ್ಲೂ ಒಂದು ಕಂಪನಿಯ ಬಟ್ಟಲು ಮೆತ್ತಗೆ, ಇನ್ನೊಂದರದ್ದು ಗಟ್ಟಿ. ಮೆತ್ತಗಿನದು ಸಣ್ಣ ಪೆಟ್ಟಿಗೂ ಹೊತ್ತುತ್ತದೆ, ಗಟ್ಟಿಯದಕ್ಕೆ ಜೋರು ಪೆಟ್ಟು ಬೇಕು.

ಎರಡು ವರ್ಷದ ಹಿಂದೆ ಬೆರಳುಗಂಟುಗಳು ಊದತೊಡಗಿದವು. ಒಂದು ದಿನ ಆಸ್ಪತ್ರೆಯಲ್ಲಿ ಒಬ್ಬ ಮುದುಕನ ಕೈಯಲ್ಲಿ ಎರಡು ಸಲ ಸೂಜಿ ತಪ್ಪಿತು. ಕುಮುದಾ ಅದೇ ಸಂಜೆ ಕೆಲಸ ಬಿಟ್ಟಳು. ಯಾರು ಹೇಳಿದರೂ ಕೇಳಲಿಲ್ಲ. "ನನ್ನ ಕೈಗೆ ಆಗೂದಿಲ್ಲ ಅಂದ ದಿನ ನಾನಽ ಬಿಡತೀನಿ. ಟ್ರಿಗರ್ ಎಳಿಯಾಕ ಆಗದ ದಿನ ರಿವಾಲ್ವರೂ ಅಷ್ಟ. ಅಲ್ಲೀತನಕ ಅದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ, ಅದನ್ನ ಹಗುರ ಮಾಡಿ ಕೊಡಬ್ಯಾಡ್ರಿ," ಎಂದು ಗಂಡನಿಗೂ ಹೇಳಿಬಿಟ್ಟಿದ್ದಳು.

ಆತ ಕೈ ಹಚ್ಚಿದ. ರಿವಾಲ್ವರ್ ಒರೆಸಿಡುವುದು ಆತನ ಪಾಲಿನ ಕೆಲಸ. ರಬ್ಬರಿನ ಹಿಡಿಕೆ ಬಿಚ್ಚಿದರೆ ಒಳಗೆ ಒಂದು ಸಣ್ಣ ಸ್ಕ್ರೂ. ಪಿನ್ನಿಗೆ ಬಡಿಯುವ ಹ್ಯಾಮರನ್ನು ತಳ್ಳುವ ಸ್ಪ್ರಿಂಗನ್ನು ಒತ್ತಿ ಹಿಡಿಯುವಂಥದ್ದು. ಅದನ್ನು ಅರೆಕಾಲು ಸುತ್ತು, ಎಂದರೆ ಒಂದು ಸುತ್ತಿನ ಎಂಟರಲ್ಲೊಂದು ಪಾಲು, ಸಡಿಲಿಸಿದರೆ ಟ್ರಿಗರಿನ ಭಾರ ಒಂದು ಪೌಂಡಿನಷ್ಟು ಇಳಿಯುತ್ತಿತ್ತು. ಒಮ್ಮೆಲೇ ಮಾಡಲಿಲ್ಲ. ಆಕೆಯ ಬೆರಳು ಸೋತಷ್ಟು ಸ್ಕ್ರೂ ಸಡಿಲಿಸಿದ. ಒಂಬತ್ತು ತಿಂಗಳಲ್ಲಿ ನಾಲ್ಕು ಸಲ. ಹಾಗಾಗಿ ಟ್ರಿಗರು ಯಾವತ್ತೂ ನಿನ್ನೆಯಷ್ಟೇ ಭಾರ ಎಂದು ಆಕೆಗೆ ಅನಿಸುತ್ತಿತ್ತು. ಸ್ಪ್ರಿಂಗ್ ಸಡಿಲಾದರೆ ಹ್ಯಾಮರಿನ ಪೆಟ್ಟೂ ಸಣ್ಣದಾಗುತ್ತದೆ. ಆತ ಅದನ್ನೂ ಯೋಚಿಸಿ, ಮೆತ್ತಗಿನ ಪ್ರೈಮರುಗಳನ್ನೇ ಹಾಕುತ್ತಿದ್ದ. ಎಲ್ಲವೂ ಹೊಂದಿಕೊಂಡಿತ್ತು.

ಆದರೆ ಆ ವರ್ಷ, ಎರಡು ಸಾವಿರದ ಹದಿಮೂರರಲ್ಲಿ, ಟೆಕ್ಸಾಸ್ ತುಂಬ ಪ್ರೈಮರುಗಳಿಗೆ ಬರ ಬಂದಿತ್ತು. ಅಂಗಡಿಗಳ ಶೆಲ್ಫುಗಳು ಖಾಲಿ. ಸೆಪ್ಟೆಂಬರಿನಲ್ಲಿ ಮೆತ್ತಗಿನವು ಮುಗಿದವು. ಡಲ್ಲಾಸಿನಲ್ಲಿರುವ ಮಗಳ ಮನೆಗೆ ಹೋದಾಗ, ಹಾಲು ತರುತ್ತೇನೆ ಎಂದು ಹೇಳಿ ಊರಾಚೆಯ ಗನ್ ಶೋಗೆ ಹೋದ. ಅಲ್ಲಿ ಸಿಕ್ಕಿದ್ದು ಬೂದು ಡಬ್ಬಿಯಲ್ಲಿದ್ದ ಗಟ್ಟಿಯವು ಮಾತ್ರ. ತಂದು, ಮದ್ದಿಲ್ಲದ ಹತ್ತು ಚಿಪ್ಪುಗಳಿಗೆ ಅವನ್ನು ಕೂಡಿಸಿ, ಗ್ಯಾರೇಜಿನಲ್ಲಿ ಮರಳಿನ ಬಕೆಟ್ಟಿನತ್ತ ಹಿಡಿದು ಪರೀಕ್ಷಿಸಿದ. ಹತ್ತೂ ಹೊತ್ತಿದವು. ಆದರೆ ಹೊಡೆದು ಅಭ್ಯಾಸವಿಲ್ಲದ ಆತ ಪ್ರತಿ ಸಲವೂ ಹೆಬ್ಬೆರಳಿನಿಂದ ಹ್ಯಾಮರನ್ನು ಹಿಂದಕ್ಕೆ ಎತ್ತಿ ನಿಲ್ಲಿಸಿ ಟ್ರಿಗರ್ ಒತ್ತಿದ್ದ. ಹಾಗೆ ಎತ್ತಿದರೆ ಹ್ಯಾಮರು ತುಸು ಹೆಚ್ಚು ದೂರ ಹೋಗಿ, ತುಸು ಜೋರಾಗಿ ಬಡಿಯುತ್ತದೆ. ಕುಮುದಾ ಎಂದೂ ಹೆಬ್ಬೆರಳು ಹಚ್ಚುವವಳಲ್ಲ. ಟ್ರಿಗರಿನ ಒಂದೇ ಎಳೆತಕ್ಕೆ ಹ್ಯಾಮರು ಎದ್ದು ಬೀಳಬೇಕು. ಆ ಕೂದಲೆಳೆಯ ವ್ಯತ್ಯಾಸ ಹಳದಿ ಗೆರೆಯ ಬಳಿ ಹದಿನೇಳು ಎಣಿಸುವಾಗ ಆತನ ತಲೆಗೆ ಬಂದಿತ್ತು. ಊಟದ ಮೇಜಿನಲ್ಲಿ ತಲೆಗೆ ಬಂದದ್ದು ಬೇರೆ. ತನ್ನ ಕೈ ಹೇಗಿದೆ ಎಂದು ತಿಳಿಯಲು ಆಕೆ ನಂಬಿದ್ದು ಒಂದೇ ಅಳತೆಗೋಲನ್ನು. ಆ ಅಳತೆಗೋಲನ್ನು ಆತ ತಿದ್ದಿ ಇಟ್ಟಿದ್ದ.

ಮಧ್ಯಾಹ್ನದ ಸರದಿಯಲ್ಲಿ ಇನ್ನೂ ಐದು ಹಾರಲಿಲ್ಲ. ಪ್ರತಿ ಸಲವೂ ಕುಮುದಾ ಕದಲದೆ ಮೂವತ್ತು ಎಣಿಸಿದಳು. ಹೋದ ವರ್ಷ ಎರಡನೆಯವಳಾಗಿ ಬಂದಿದ್ದ ಆಕೆ ಈ ಸಲ ಹದಿನಾಲ್ಕು ಮಂದಿಯಲ್ಲಿ ಹನ್ನೊಂದನೆಯವಳಾದಳು.

ಆಸ್ಟಿನ್ನಿನಿಂದ ಹ್ಯೂಸ್ಟನ್ನಿನ ದಾರಿಯಲ್ಲಿ ಕುಮುದಾ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತಳು. ಗಿಡ್ಡಿಂಗ್ಸ್ ದಾಟಿದ ಮೇಲೆ ತಾನಾಗಿ ಮಾತಾಡಿದಳು.

"ಯಾಕ್ರಿ, ಸಿಟ್ಟು ಬಂದೈತೇನು? ಮುಂಜಾನಿಯಿಂದ ಬಾಯಿ ತಗದಿಲ್ಲ."

"ಇಲ್ಲ."

"ಪೂಜಿ ಮಾಡೂವಾಗ ನೀವು ಬ್ಯಾಡಂದ್ರಿ. ನಾ ಕೇಳಲಿಲ್ಲ."

ಚನ್ನವೀರಪ್ಪ ಮುಂದಿನ ಪೆಟ್ರೋಲ್ ಬಂಕಿಗೆ ಕಾರು ತಿರುಗಿಸಿದ. ಪಂಪಿನ ಹತ್ತಿರ ಹೋಗಲಿಲ್ಲ. ಪಕ್ಕದ ಹುಲ್ಲಿನ ಅಂಚಿಗೆ ನಿಲ್ಲಿಸಿ ಎಂಜಿನ್ ಆರಿಸಿದ. ಬಿಸಿಲು ಇನ್ನೂ ಇತ್ತು. ಬೇಲಿಯಾಚೆ ಎರಡು ಹಸುಗಳು ಹೆದ್ದಾರಿಯ ಕಡೆ ಬೆನ್ನು ಮಾಡಿ ನಿಂತಿದ್ದವು.

"ಎಣ್ಣಿಯಿಂದ ಆಗಿಲ್ಲ ಕುಮುದಾ," ಎಂದ. "ನನ್ನಿಂದ ಆಗಿದ್ದು."

ಹೇಳಲು ಶುರು ಮಾಡಿದ ಮೇಲೆ ಕ್ರಮವಾಗಿಯೇ ಹೇಳಿದ. ಮೊದಲು ಸ್ಕ್ರೂ, ಆಮೇಲೆ ಮೆತ್ತಗಿನ ಪ್ರೈಮರು, ಡಲ್ಲಾಸು, ಬೂದು ಡಬ್ಬಿ. ಹೇಳಿ ಮುಗಿಸಿ ಸ್ಟಿಯರಿಂಗ್ ನೋಡುತ್ತ ಕೂತ. ಕುಮುದಾ ಕೂಗಾಡುವಳು ಎಂದುಕೊಂಡಿದ್ದ. ಆಕೆ ಕೇಳಿದ್ದು ಒಂದೇ ಮಾತು.

"ಈಗ ಎಷ್ಟೈತಿ?"

"ಏಳೂವರಿ ಪೌಂಡು."

"ಹನ್ನೆರಡಲ್ಲ."

"ಅಲ್ಲ."

"ಬರದಿಟ್ಟೀರಿ. ನೀವು ಬರೀದಽ ಇರೂ ಮನಷ್ಯಾ ಅಲ್ಲ. ಕೊಡ್ರಿಲ್ಲೆ."

ಆತ ಅಂಗಿಯ ಜೇಬಿನಿಂದ ಸಣ್ಣ ನೋಟ್‌ಬುಕ್ಕು ತೆಗೆದು ಕೊಟ್ಟ. ಕುಮುದಾ ಕನ್ನಡಕ ಹುಡುಕಿ ಹಾಕಿಕೊಂಡಳು. ನಾಲ್ಕೇ ಸಾಲುಗಳು, ಆತನ ಸಣ್ಣ ನೇರ ಅಕ್ಷರಗಳಲ್ಲಿ.

'ಜನವರಿ ೧೩. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲು ನನಗೆ ಕೊಟ್ಟಳು. ಅರೆಕಾಲು ಸುತ್ತು. ೧೧ ಪೌಂಡ್.

ಏಪ್ರಿಲ್ ೭. ಕುಪ್ಪಸದ ಹುಕ್ಕು ಹಾಕಲು ಹತ್ತು ನಿಮಿಷ. ಕರೆಯಲಿಲ್ಲ. ಅರೆಕಾಲು. ೯.೮.

ಜುಲೈ ೨೧. ರೊಟ್ಟಿ ಬಡಿಯುವಾಗ ನಡುವೆ ಮೂರು ಸಲ ನಿಲ್ಲಿಸಿದಳು. ಶಬ್ದ ಕೇಳಿ ಗೊತ್ತಾಯಿತು. ಅರೆಕಾಲು. ೮.೬.

ಸೆಪ್ಟೆಂಬರ್ ೮. ಚಹಾದ ಕಪ್ಪನ್ನು ಎರಡೂ ಕೈಯಿಂದ ಹಿಡಿದಳು. ಚಳಿ ಅಂದಳು. ಚಳಿ ಇರಲಿಲ್ಲ. ಅರೆಕಾಲು. ೭.೫.'

ಆಕೆ ಕೊನೆಯ ಸಾಲನ್ನು ಎರಡು ಸಲ ಓದಿದಳು. ನೋಟ್‌ಬುಕ್ಕನ್ನು ಮುಚ್ಚಿ ತೊಡೆಯ ಮೇಲಿಟ್ಟುಕೊಂಡಳು.

"ನನ್ನ ಒಂದು ಮಾತು ಕೇಳಬಾರದಿತ್ತೇನ್ರಿ?"

"ಕೇಳಿದ್ರ ನೀ ಬಿಟ್ಟುಬಿಡತಿದ್ದಿ. ರೇಂಜಿನಿಂದ ಬಂದ ದಿನ ನೀ ಹಾಡು ಅನಕೋತ ಅಡಿಗಿ ಮಾಡತಿ."

"ಬಿಡತಿದ್ದೆ. ಬಿಡೂದು, ಬಿಡದಽ ಇರೂದು ನನಗ ಸೇರಿದ್ದು. ಅದು ನನ್ನ ಕೈ." ಧ್ವನಿ ಏರಲಿಲ್ಲ. "ಆ ಡಾಕ್ಟರು ಹೇಳಿದ್ರು, ಗಂಟು ಸವದ ಮ್ಯಾಲೆ ಇಂಜೆಕ್ಷನ್ ಕೊಟ್ಟು ಏನೂ ಉಪಯೋಗಿಲ್ಲ ಅಂತ. ಮೂರು ತಿಂಗಳು ನಾ ಅವರ ಮುಂದ ಸುಳ್ಳು ಹೇಳೀನಿ. ಸುಳ್ಳು ಅಂತ ಗೊತ್ತಿಲ್ಲದಽ."

ಚನ್ನವೀರಪ್ಪ ತಲೆ ತಗ್ಗಿಸಿದ.

"ನಡೀರಿ," ಎಂದಳು.

ಮನೆ ಮುಟ್ಟಿದಾಗ ಕತ್ತಲಾಗಿತ್ತು. ಊಟಕ್ಕೆ ಮೊಸರನ್ನ ಕಲಸಿ ಇಬ್ಬರಿಗೂ ಹಾಕಿದಳು, ತಾನು ಅರ್ಧಕ್ಕೇ ಎದ್ದಳು.

ಮರುದಿನ ಭಾನುವಾರ. ಚನ್ನವೀರಪ್ಪ ಸ್ನಾನ ಮುಗಿಸಿ, ಲಿಂಗಪೂಜೆ ಮಾಡಿ ಎದ್ದಾಗ ಗ್ಯಾರೇಜಿನಲ್ಲಿ ದೀಪ ಕಂಡಿತು. ಕುಮುದಾ ಪ್ರೆಸ್ಸಿನ ಮುಂದಿನ ಸ್ಟೂಲಿನ ಮೇಲೆ ಕೂತಿದ್ದಳು. ಮೇಜಿನ ಮೇಲೆ ಖಾಲಿ ರಿವಾಲ್ವರ್, ತೋಟಾ ಕೂರುವ ಸಿಲಿಂಡರು ತೆರೆದು.

"ಹಿಡಿಕಿ ಬಿಚ್ಚಿ, ಸ್ಕ್ರೂ ಪೂರ್ತಿ ಬಿಗೀರಿ. ಮೊದಲು ಹೆಂಗಿತ್ತು ಹಂಗ."

"ಕುಮುದಾ..."

"ಬಿಗೀರಿ."

ಬಿಗಿದುಕೊಟ್ಟ. ಆಕೆ ಖಾಲಿ ಇದೆಯೆಂದು ಇನ್ನೊಮ್ಮೆ ನೋಡಿ, ಮರಳಿನ ಬಕೆಟ್ಟಿನತ್ತ ಹಿಡಿದು ಎಳೆದಳು. ಗಂಟು ಬೆಳ್ಳಗಾಯಿತು. ಹ್ಯಾಮರು ಅರ್ಧ ಎದ್ದು ನಿಂತು, ವಾಪಸು ಕೂತಿತು. ಎರಡನೇ ಸಲ ಅರ್ಧಕ್ಕೂ ಬರಲಿಲ್ಲ. ಮೂರನೇ ಸಲ ಆಕೆಯ ಮೋರೆ ಕಿವುಚಿತು. ಚನ್ನವೀರಪ್ಪ ಗೋಡೆಯ ಕಡೆ ನೋಡಿದ.

"ಆಗೂದಿಲ್ಲ," ಎಂದಳು. ಲ್ಯಾಬಿನಲ್ಲಿ ಫಲಿತಾಂಶ ಓದಿ ಹೇಳುವ ಧ್ವನಿ ಅದು. ರಿವಾಲ್ವರನ್ನು ಮೇಜಿಗಿಟ್ಟು, ಕೈಯನ್ನು ಇನ್ನೊಂದು ಕೈಯಿಂದ ತಿಕ್ಕಿಕೊಳ್ಳುತ್ತ ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಎರಡು ವರ್ಷದಿಂದ ಈ ಕ್ಷಣಕ್ಕೆ ಹೆದರಿಯೇ ಚನ್ನವೀರಪ್ಪ ಎಲ್ಲವನ್ನೂ ಮಾಡಿದ್ದ. ಈಗ ಅದು ಬಂದು, ಗ್ಯಾರೇಜಿನ ಟ್ಯೂಬ್‌ಲೈಟಿನ ಕೆಳಗೆ ಕೂತಿತ್ತು. ಹೊರಗೆ ಯಾರದೋ ನಾಯಿ ಬೊಗಳುತ್ತಿತ್ತು.

"ಸ್ಕ್ರೂಡ್ರೈವರ್ ಕೊಡ್ರಿ."

"ನಾ ಮಾಡತೀನಿ, ನಿನ್ನ ಬೆರಳು..."

"ಕೊಡ್ರಿ ಅಂದೆ."

ಆಕೆ ಅದರ ಹಿಡಿಯನ್ನು ಅಂಗೈ ಮತ್ತು ಹೆಬ್ಬೆರಳಿನ ಸಂದಿಯಲ್ಲಿ ಕೂಡಿಸಿಕೊಂಡು ಮಣಿಕಟ್ಟಿನಿಂದ ತಿರುಗಿಸಿದಳು. ಅರೆಕಾಲು ಸುತ್ತು. ಎಳೆದು ನೋಡಿದಳು, ಆಗಲಿಲ್ಲ. ಇನ್ನೊಂದು ಅರೆಕಾಲು. ಹ್ಯಾಮರು ಮೇಲೆ ಬಂದು ಬೀಳದೆ ನಿಂತಿತು. ಮೂರನೆಯದು. ಬಿತ್ತು, ಆದರೆ ನಳಿಗೆ ಅಲುಗಿತು. ಕೊನೆಗೆ ಕೂದಲೆಳೆಯಷ್ಟು ತಿರುಗಿಸಿದಳು, ಎಳೆದಳು, ಇನ್ನೂ ಎರಡು ಸಲ ಎಳೆದಳು. ನಳಿಗೆ ಅಲುಗಲಿಲ್ಲ.

"ಹಚ್ಚಿ ನೋಡ್ರಿ ನಿಮ್ಮ ಗೇಜು."

ಚನ್ನವೀರಪ್ಪ ಅಳೆದ. ನಂಬಿಕೆಯಾಗದೆ ಮತ್ತೆ ಅಳೆದ. "ಎಂಟೂಕಾಲು."

"ನಿಮ್ಮದು?"

"ಏಳೂವರಿ."

"ನೋಡ್ರಿ ಮತ್ತ! ಮುಕ್ಕಾಲು ಪೌಂಡು ನನ್ನ ಕೈಯಾಗಿಂದು ಕಸಗೊಂಡಿದ್ರಿ. ನನಗ ಇನ್ನೂ ಅಷ್ಟು ಮುಪ್ಪಾಗಿಲ್ಲ." ನಿನ್ನೆಯಿಂದ ಮೊದಲ ಬಾರಿಗೆ ಆಕೆ ಆತನ ಮುಖವನ್ನು ನೇರವಾಗಿ ನೋಡಿದಳು. "ಮಂಗಳವಾರ ಡಾಕ್ಟರಿಗೆ ಇದನ್ನಽ ಹೇಳತೀನಿ. ಜನವರಿಯೊಳಗ ಹನ್ನೆರಡು, ಈಗ ಎಂಟೂಕಾಲು. ಮುಂದಿಂದು ಅವರು ಹೇಳಲಿ. ಆ ಬುಕ್ಕೂ ತಗೊಂಡು ಹೋಗತೀನಿ."

"ಬುಕ್ ಯಾಕ? ಅದರಾಗ ಕುಪ್ಪಸ ಗಿಪ್ಪಸ ಅಂತ ಬರದೀನಿ."

"ಅವರಿಗೆ ಕನ್ನಡ ಬರೂದಿಲ್ಲ ಬಿಡ್ರಿ." ಆಮೇಲೆ ಬೂದು ಡಬ್ಬಿಯನ್ನು ತನ್ನತ್ತ ಎಳೆದುಕೊಂಡಳು. "ಇವನ್ನ ಹೆಂಗ ಟೆಸ್ಟ್ ಮಾಡಿದ್ರಿ?"

ಹೇಳಿದ. ಹೆಬ್ಬೆರಳು ಎಂದಾಗ ಆಕೆ ಹಣೆ ಚಚ್ಚಿಕೊಂಡಳು.

"ನಾ ಯಾವತ್ತರ ಹೆಬ್ಬೆರಳಿಂದ ಎತ್ತಿ ಹೊಡದದ್ದು ನೋಡೀರೇನು? ಅದೂ ಹತ್ತ! ಹತ್ತು ಮಂದಿ ರಕ್ತ ನೋಡಿ ಊರಿಗೂರಽ ಆರಾಮ ಐತಿ ಅಂದಂಗಾತು. ಐವತ್ತು ಮಾಡ್ರಿ. ಎಳಿಯಾಕಿ ನಾನು."

ಗ್ಯಾರೇಜಿನ ಬಾಗಿಲನ್ನು ಮೊಳದಷ್ಟು ಎತ್ತಿ, ಇಬ್ಬರೂ ಕನ್ನಡಕ, ಮಫ್ ಹಾಕಿಕೊಂಡು ಕೂತರು. ಚನ್ನವೀರಪ್ಪ ಮದ್ದಿಲ್ಲದ ಚಿಪ್ಪಿಗೆ ಪ್ರೈಮರು ಕೂಡಿಸಿ, ಒಂದೊಂದಾಗಿ ಸಿಲಿಂಡರಿಗೆ ಇಳಿಸಿದ. ಆಕೆ ಮರಳಿಗೆ ಹಿಡಿದು ಎಳೆದಳು. ಪಟಾಕಿಯಂಥ ಚಿಕ್ಕ ಸದ್ದು. ಪ್ರತಿ ಹತ್ತಕ್ಕೆ ಒಮ್ಮೆ ಆಕೆ ಕೈ ಬಿಡಿಸಿ ಕೂರುವಳು, ಆತ ಕಾಯುವನು. ನಡುವೆ ಬಿಸಿನೀರಿನ ಚೀಲ ತಂದುಕೊಟ್ಟ, ಬೇಡ ಎನ್ನಲಿಲ್ಲ. ಹನ್ನೊಂದನೆಯದು 'ಟಕ್' ಎಂದಿತು. ಇಪ್ಪತ್ತೆಂಟನೆಯದು. ನಲವತ್ತಾರನೆಯದು. ಪ್ರತಿ ಸಲವೂ ಇಬ್ಬರೂ ಮೂವತ್ತು ಎಣಿಸಿದರು, ಆಕೆ ಇಂಗ್ಲಿಷಿನಲ್ಲಿ, ಆತ ಕನ್ನಡದಲ್ಲಿ.

"ಐವತ್ತಕ್ಕ ಮೂರು," ಎಂದಳು ಕುಮುದಾ, ಮಫ್ ಕೆಳಗಿಳಿಸಿ. "ಇವು ನಮಗ ಹೊಂದೂದಿಲ್ಲ."

"ಮೆತ್ತಗಿನವು ಎಲ್ಲೂ ಇಲ್ಲ. ಬ್ಯಾಸಗೀತನಕ ಬರೂದಿಲ್ಲ ಅಂತಾರ."

"ಬ್ಯಾಸಗೀತನಕ ಕಾಯೂಣು. ಇಂಜೆಕ್ಷನ್ನೂ ತನ್ನ ಕೆಲಸ ಮಾಡಾಕ ಟೈಮ್ ಬೇಕಲ್ಲ." ಗೋಡೆಯ ಬದಿಯ ಪೆಟ್ಟಿಗೆಗಳತ್ತ ಕೈ ತೋರಿಸಿದಳು. "ಇವೆಷ್ಟದಾವು, ತುಂಬಿದ್ದು?"

"ನೂರಾ ನಲವತ್ತು."

"ಬಿಚ್ಚೂಣು ನಡೀರಿ."

ತುಂಬಿದ ತೋಟಾವನ್ನು ಬಿಚ್ಚಲು ಚನ್ನವೀರಪ್ಪನ ಹತ್ತಿರ ಪ್ಲಾಸ್ಟಿಕ್ಕಿನ ಒಂದು ಸುತ್ತಿಗೆ ಇತ್ತು. ಅದರ ಟೊಳ್ಳು ತಲೆಯೊಳಗೆ ತೋಟಾ ಸಿಕ್ಕಿಸಿ ಮರದ ದಿಮ್ಮಿಗೆ ನಾಲ್ಕು ಪೆಟ್ಟು ಹಾಕಿದರೆ, ಗುಂಡೂ ಮದ್ದೂ ಚಿಪ್ಪಿನಿಂದ ಕಳಚಿ ತಲೆಯೊಳಗೇ ಬೀಳುತ್ತವೆ. ಎರಡು ವಾರ ಕೂಡಿಸಿದ್ದನ್ನು ಆತ ಈಗ ಒಂದೊಂದಾಗಿ ಬಿಚ್ಚತೊಡಗಿದ. ಕುಮುದಾ ಸ್ಟೂಲನ್ನು ಆತನ ಹತ್ತಿರಕ್ಕೆ ಎಳೆದುಕೊಂಡು, ಮದ್ದು ಸುರಿಯಲು ಸಣ್ಣ ಗಾಜಿನ ಬಟ್ಟಲನ್ನು ಮೊಣಕಾಲಿನ ಮೇಲಿಟ್ಟುಕೊಂಡು, ಬಲಗೈ ಚಾಚಿದಳು. ಆ ಅಂಗೈ ಈಗ ಪೂರ್ತಿ ಚಪ್ಪಟೆಯಾಗುತ್ತಿರಲಿಲ್ಲ, ಪೂರ್ತಿ ಮುಚ್ಚುತ್ತಲೂ ಇರಲಿಲ್ಲ. ಬೊಗಸೆಯ ಅರ್ಧದಂತೆ ತೆರೆದೇ ನಿಂತಿತ್ತು. ಆತ ಮದ್ದನ್ನು ಬಟ್ಟಲಿಗೆ ಸುರಿದು, ಗುಂಡನ್ನು ಆ ಅಂಗೈಗೆ ಉರುಳಿಸಿದ. ಮೊದಲನೆಯದು ನಡುವೆ ಹೋಗಿ ಕೂತಿತು. ಎರಡನೆಯದು ಅದಕ್ಕೆ ತಾಗಿ ಸಣ್ಣಗೆ ಸದ್ದು ಮಾಡಿ ನಿಂತಿತು. ಆತ ಮೂರನೆಯದಕ್ಕೆ ಸುತ್ತಿಗೆ ಎತ್ತಿದ.